ಬೆಳಿಗ್ಗೆಯೇ ಬರೆದಿಟ್ಟ ಸೋಲು

ಕನ್ನಡಕದಂಗಡಿಯ ಯಜಮಾನರನ್ನು ಊರಿನವರು ಕರೆಯುತ್ತಿದ್ದುದು ‘ಸಂಪಾದಕರು’ ಎಂದು. ಊರ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಿಗಾಗಿ ಅವರೊಂದು ಆನ್‌ಲೈನ್ ಪತ್ರಿಕೆ ನಡೆಸುತ್ತಿದ್ದರು. ಕಚೇರಿಯೆಂದರೆ ಲೆನ್ಸು ಉಜ್ಜುವ ಯಂತ್ರದ ಪಕ್ಕದ ಸ್ಟೂಲು. ಸಿಬ್ಬಂದಿಯೆಂದರೆ ಬರೆದದ್ದನ್ನು ತಿದ್ದಿಕೊಡುವ ಹೆಂಡತಿ.

ಕ್ಲಬ್ಬು ಸೋಲುವುದರಲ್ಲಿ ಎಂಥ ಶಿಸ್ತು ರೂಢಿಸಿಕೊಂಡಿತ್ತೆಂದರೆ, ಸಂಪಾದಕರು ಪಂದ್ಯದ ವರದಿಯನ್ನು ಅಂದು ಬೆಳಿಗ್ಗೆಯೇ ಬರೆದು, ಸಂಜೆ ಐದಕ್ಕೆ ತಾನಾಗಿ ಪ್ರಕಟವಾಗುವಂತೆ ಇಟ್ಟು ಮೈದಾನಕ್ಕೆ ಹೊರಡುತ್ತಿದ್ದರು. ಎಷ್ಟು ಗೋಲಿನ ಸೋಲು ಎಂಬುದನ್ನು ಮನೆಗೆ ಬಂದು ಸೇರಿಸಿದರೆ ಮುಗಿಯಿತು. ಆ ವರ್ಷವಿಡೀ ಕ್ಲಬ್ಬು ಅವರ ಮಾತಿಗೆ ತಪ್ಪಿರಲಿಲ್ಲ.

ತೊಡಕು ಒಂದೇ. ಬಂದ ಚೆಂಡನ್ನೆಲ್ಲ ಒಳಗೆ ಬಿಡುವ ಗೋಲ್‌ಕೀಪರ್ ಸಂಪಾದಕರ ಹೆಂಡತಿಯ ತಮ್ಮ.

“ರೀ, ಇವತ್ತು ಅವನ ಕೊನೇ ಆಟ. ರಾತ್ರಿ ಊಟಕ್ಕೆ ಇಲ್ಲಿಗೇ ಬರ್ತಾನೆ. ಒಂದಾದ್ರೂ ಒಳ್ಳೇ ಮಾತು ಬರೀರಿ.”

“ಇದ್ದದ್ದು ಇದ್ದಹಾಗೆ ಬರೀತೀನಿ ಕಣೇ.”

“ಹಾಗಾದ್ರೆ ಇನ್ಮೇಲೆ ಊಟಾನೂ ಅಂಗಡೀಲೇ ಮಾಡ್ಕೊಳ್ಳಿ.”

ಎಚ್ಚರಿಕೆ ಕಿವಿಯಲ್ಲಿತ್ತು, ಕೈ ಮಾತ್ರ ಕೇಳಬೇಕಲ್ಲ! ‘ಜರಡಿ ಕೊನೆಗೂ ಅಡುಗೆಮನೆಗೆ ಮರಳಿತು’ ಎಂಬ ತಲೆಬರಹ ಹೊಳೆದೇಬಿಟ್ಟಿತು. ಅದರ ಚೆಂದಕ್ಕೆ ತಾವೇ ಮರುಳಾಗಿ, ಐದು ಗಂಟೆಗೆ ಇಟ್ಟು ಹೊರಟರು.

ಅವತ್ತೇ ಆ ಜರಡಿಗೆ ಆವೇಶ ಬರಬೇಕೆ! ಮುಂಚೂಣಿಯವರು ಹೇಗೋ ಒಂದು ಗೋಲು ಗಿಟ್ಟಿಸಿದರು. ಕೊನೆಯ ಗಳಿಗೆಯಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಭಾವಮೈದ ಹಾರಿದ, ಚೆಂಡನ್ನು ಕೈಯಿಂದಲ್ಲ, ಮೂಗಿನಿಂದ ತಡೆದ. ಗೆಲುವು!

ಪಕ್ಕದಲ್ಲಿದ್ದ ಬಸ್ ಡ್ರೈವರು ಸಂಪಾದಕರನ್ನು ಎತ್ತಿ ಕುಣಿಸಿದ. ಸಂಪಾದಕರ ಕಣ್ಣು ಗಡಿಯಾರದ ಮೇಲೆ. ಐದಾಗುತ್ತ ಬಂದಿದೆ! ಆ ಜನಜಂಗುಳಿಯಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ದಂಡು ಬೆನ್ನಟ್ಟಿದ ಮಹಾರಾಜನಂತೆ ಓಡಿದರು. ದಾರಿಯಲ್ಲಿ ಒಂದು ಚಪ್ಪಲಿಯನ್ನು ರಣರಂಗಕ್ಕೆ ಒಪ್ಪಿಸಿ ಮನೆ ಸೇರುವಷ್ಟರಲ್ಲಿ ಐದು ದಾಟಿತ್ತು.

ಹೆಂಡತಿ ತನ್ನ ಫೋನನ್ನು ಮುಂದೆ ಹಿಡಿದಳು. ಪತ್ರಿಕೆಯಲ್ಲಿ ದಪ್ಪಕ್ಷರ: ‘ಗೋಡೆ ನಿಂತಿತು, ನಾವು ಗೆದ್ದೆವು.’

“ಇದನ್ನ ಬರೆದೋರು ಯಾರೇ?”

“ನಾನೇ. ನೀವು ಪ್ರತಿಸಲ ಸೋಲು ಬರೆದಿಡಲ್ವಾ? ನಾನು ಪ್ರತಿಸಲ ಒಂದು ಗೆಲುವು ಬರೆದಿಡ್ತೀನಿ. ಅವನು ಗೋಲಲ್ಲಿ ನಿಂತಾಗಿಂದ. ಮೈದಾನದ ಮೈಕು ಇಲ್ಲೀವರೆಗೂ ಕೇಳ್ಸುತ್ತಲ್ಲ, ಇವತ್ತು ಮೂಗಿನ ವಿಷಯ ಒಂದು ಸೇರಿಸ್ದೆ, ಅಷ್ಟೇ.”

“ಮತ್ತೆ... ಜರಡಿ?”

“ಐದಕ್ಕೆ ಮುಂಚೇನೇ ಅಳಿಸಿದೆ. ಯಾರೂ ಓದಿಲ್ಲ, ಉಸಿರು ಬಿಡಿ.”

ಮೈದಾನದಿಂದ ಎದೆಯ ಮೇಲೆ ಹೊತ್ತು ತಂದ ಬಂಡೆ ಉರುಳಿದಂತಾಗಿ ಸಂಪಾದಕರು ಹೊಸ್ತಿಲಲ್ಲೇ ಕುಸಿದು ಕೂತರು.

ಕತ್ತಲಾಗುವ ಹೊತ್ತಿಗೆ ಭಾವಮೈದ ಬಂದ. ಮೂಗು ಟೊಮೇಟೊ ಆಗಿತ್ತು, ಕಣ್ಣು ಒದ್ದೆ.

“ಭಾವ, ಬಸ್ಸಲ್ಲಿ ಓದ್ದೆ. ನನ್ನ ಬಗ್ಗೆ ನಿಮ್ಮ ಹೊಟ್ಟೇಲಿ ಇಷ್ಟು ಪ್ರೀತಿ ಇತ್ತಾ?”

ಸಂಪಾದಕರು ಗಂಟಲು ಸರಿಮಾಡಿಕೊಂಡು ಕಣ್ಣು ತಗ್ಗಿಸಿದರು. “ಏನೋ ಕಣೋ, ತೋಚಿದ್ದು ಗೀಚಿದೆ.”

ಹಿಂದಿನಿಂದ ಹೆಂಡತಿಯ ಮೊಣಕೈ ಪಕ್ಕೆಗೆ ತಿವಿಯಿತು. ಅಂದು ಅದೂ ಅವರಿಗೆ ಹಿತವಾಗಿತ್ತು.