ಕೇಳದೇ ಬಿಚ್ಚಿದ ಲೇಬಲ್ಲುಗಳು

ಟೈಲರಮ್ಮನಿಗೆ ಸಿಟ್ಟು ಬಂತೆಂದರೆ ಓಣಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಆ ದಿನ ಶಾಲೆಯಿಂದ ಫೋನ್ ಬಂದದ್ದೇ ತಡ, ಅರ್ಧ ಹೊಲಿದ ಪ್ಯಾಂಟನ್ನು ಮಷೀನಿನ ಮೇಲೇ ಬಿಟ್ಟು, ಅಳತೆ ಟೇಪು ಕೊರಳಲ್ಲಿರುವಂತೆಯೇ ಹೊರಟಳು.

ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಹದಿಮೂರು ಸ್ವೆಟರು. ಒಂದರಲ್ಲೂ ಕತ್ತಿನ ಹಿಂದಿನ ಲೇಬಲ್ ಇಲ್ಲ. ಮಕ್ಕಳು ಅವನ್ನು ಕಳಚಿಟ್ಟು ಆಡಲು ಹೋದಾಗ, ಟೈಲರಮ್ಮನ ಎಂಟು ವರ್ಷದ ಮಗಳು ಗುಬ್ಬಿ ಒಬ್ಬಳೇ ಕೂತು, ಅಮ್ಮನ ಡಬ್ಬಿಯಿಂದ ತಂದ ಪುಟ್ಟ ಕತ್ತರಿಯಲ್ಲಿ ಒಂದೊಂದಾಗಿ ಬಿಚ್ಚಿದ್ದಳು. ಒಂದೆಳೆ ಉಣ್ಣೆಯೂ ಕತ್ತರಿಸಿರಲಿಲ್ಲ. ಆ ಅಚ್ಚುಕಟ್ಟು ಕಂಡು ಟೈಲರಮ್ಮನಿಗೆ ಅಷ್ಟು ಸಿಟ್ಟಿನಲ್ಲೂ ಒಳಗೊಳಗೇ ಹೆಮ್ಮೆಯಾಯಿತು.

"ನೋಡಿಮ್ಮ, ನಿಮ್ಮ ಮಗಳಿಗೆ ಆಟಿಸಂ. ಬೇರೆಯವರಿಗೂ ಒಂದು ಮನಸ್ಸಿದೆ ಅನ್ನೋದೇ ಇಂಥ ಮಕ್ಕಳಿಗೆ ಗೊತ್ತಾಗಲ್ಲ. ನಾನೇ ಶಾಲೆ ಬಿಡಿಸ್ತಿದೀನಿ ಅಂತ ಇಲ್ಲೊಂದು ಸಹಿ ಹಾಕ್ಬಿಡಿ," ಎಂದು ಮೇಡಂ ಕಾಗದ ಮುಂದೆ ತಳ್ಳಿದರು.

ಇದು ಮೂರನೇ ಶಾಲೆ. ಹಿಂದಿನ ಎರಡರಲ್ಲೂ ಟೈಲರಮ್ಮ ತಲೆ ತಗ್ಗಿಸಿ ಸಹಿ ಹಾಕಿ ಬಂದಿದ್ದಳು. ಊರಿನಲ್ಲಿ ನಾಲ್ಕನೆಯದು ಇರಲಿಲ್ಲ.

ಟೈಲರಮ್ಮ ಮೂಲೆಯಲ್ಲಿ ನಿಂತಿದ್ದ ಮಗಳತ್ತ ತಿರುಗಿದಳು. "ಯಾಕೆ ಬಿಚ್ಚಿದೆ, ಗುಬ್ಬಿ?"

ಗುಬ್ಬಿ ಗೋಡೆ ನೋಡುತ್ತಲೇ ಹೇಳಿದಳು, "ಚುಚ್ಚುತ್ತೆ. ಅವರಿಗೂ ಚುಚ್ಚುತ್ತೆ."

"ಅವರನ್ನ ಕೇಳ್ಬೇಕಿತ್ತಲ್ವಾ?"

"ನೀನು ನನ್ನ ಕೇಳಲ್ಲ. ಬಿಚ್ಚಿಬಿಡ್ತೀಯ."

ನಿಜವೇ. ಹೊಸ ಬಟ್ಟೆ ಮನೆಗೆ ಬಂದ ಗಳಿಗೆಯಲ್ಲೇ, ಮಗಳು ಅತ್ತು ರಂಪ ಮಾಡುವ ಮೊದಲೇ, ಟೈಲರಮ್ಮ ಲೇಬಲ್ ಬಿಚ್ಚಿಡುತ್ತಿದ್ದಳು. ನಮ್ಮವರಿಗೆ ಹೀಗೆ ಮಾಡಬೇಕು ಎಂದು ಗುಬ್ಬಿ ನೋಡಿ ಕಲಿತಿದ್ದಳು. ಟೈಲರಮ್ಮ ಕಾಗದವನ್ನು ಮೇಡಂ ಕಡೆಗೇ ಹಿಂದಕ್ಕೆ ತಳ್ಳಿದಳು.

"ಕೇಳಿಸ್ತಾ ಮೇಡಂ? ತನಗೆ ಚುಚ್ಚೋದು ಎಲ್ಲರಿಗೂ ಚುಚ್ಚುತ್ತೆ ಅಂದ್ಕೊಂಡ್ಲು. ತಪ್ಪೇ, ಒಪ್ಕೋತೀನಿ. ಹದಿಮೂರನ್ನೂ ಇಲ್ಲೇ ಕೂತು ಹೊಲಿದುಕೊಡ್ತೀನಿ. ಕೇಳಿ ಮಾಡೋದನ್ನೂ ಕಲಿಸ್ತೀನಿ. ಆದ್ರೆ ಮೊನ್ನೆ ಇವಳು ಗದ್ದಲಕ್ಕೆ ಕಿವಿ ಮುಚ್ಕೊಂಡ್ರೆ ನೀವು ನಾಟಕ ಅಂದ್ರಿ. ನಿಮಗೆ ನೋವಾಗಲ್ಲ ಅಂತ ಇವಳಿಗೂ ಆಗಲ್ಲ ಅಂದ್ಕೊಂಡ್ರಿ. ಇವಳಿಗಾದ್ರೆ ಎಂಟು ವರ್ಷ. ನಿಮಗೆಷ್ಟು?"

ಮೇಡಂ ಮುಖ ಕೆಂಪಾಯಿತು. "ಸಹಿ ಹಾಕಿ."

"ಹಾಕಲ್ಲ. ಹೊರಗೆ ಹಾಕೋದಾದ್ರೆ ನೀವೇ ಹಾಕಿ. ಯಾಕೆ ಅಂತ ನಿಮ್ಮ ಕೈಯಾರೆ ಬರೀರಿ. ಜೊತೆ ಮಕ್ಕಳಿಗೆ ನೋವಾಗ್ಬಾರ್ದು ಅಂದ್ಕೊಂಡಿದ್ದಕ್ಕೆ, ಅಂತ ಬರೀರಿ."

ಮೇಡಂ ಸಿಡುಕಿನಿಂದ ವರ್ಗಾವಣೆ ಪತ್ರದ ಫಾರಂ ತೆಗೆದು ಪೆನ್ನು ಕೈಗೆತ್ತಿಕೊಂಡರು. ಹುಡುಗಿಯ ಹೆಸರು ಬರೆದರು, ತರಗತಿ ಬರೆದರು. ಕಾರಣ ಎಂದಿದ್ದ ಕಡೆ ಪೆನ್ನು ನಿಂತಿತು.

ಟೈಲರಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಕುಳಿತಳು.

"ಬರೀರಿ ಮೇಡಂ. ನಾನು ಕಾಯ್ತೀನಿ."