ತೆಗೆಯುವುದು ಗಡ್ಡೆಯನ್ನೋ, ಚೀಲವನ್ನೋ?

ಬೆಳಕು ಹರಿಯುವ ಮುನ್ನವೇ ಹೆಣ್ಣುಮಕ್ಕಳ ಆಸ್ಪತ್ರೆಯ ಹಜಾರದಲ್ಲಿ ಗಾಡಿ ಅಕ್ಕ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿ. ದರ್ಜಿ ಗಂಡನ ಅಂಗಡಿಯಿಂದ ಹೇಳದೆ ಕೇಳದೆ ತಂದದ್ದು. ರೋಗಿಗಳನ್ನು ಮಲಗಿಸಿ ದಿನವೂ ತಾವೇ ತಳ್ಳುವ, ತಮಗೆ ಆ ಹೆಸರು ತಂದ ಗಾಡಿಯ ಚಕ್ರಗಳಿಗೆ ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸಿ ನೋಡುತ್ತಾರೆ. "ಆಪರೇಷನ್‌ಗೆ ಹೋಗೋರಿಗೆ ಮೊದಲೇ ಕೈಕಾಲು ನಡುಗ್ತಿರುತ್ತೆ. ಇದೂ ಕಿರ್ರ್ ಅಂದ್ರೆ ಇಳಿದು ಮನೆಗೇ ಓಡ್ತಾರೆ" ಎಂದು ನಗುತ್ತಾರೆ.

ಓಡುವುದೇನೆಂದು ಅವರಿಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ಇಲ್ಲಿನ ಡಾಕ್ಟರಮ್ಮ ಅವರನ್ನೇ ಪರೀಕ್ಷಿಸಿ, "ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೀಬೇಕು" ಎಂದಿದ್ದರು. ತೆಗೆಯುವುದು ಗರ್ಭಕೋಶವನ್ನೇ ಎಂದುಕೊಂಡರು ಗಾಡಿ ಅಕ್ಕ. ಅವರ ಮಾತಿನಲ್ಲಿ ಅದು 'ಚೀಲ'. ಮದುವೆಯಾಗಿ ಎಷ್ಟು ಕಾಲವಾದರೂ ಮಡಿಲು ತುಂಬಿರಲಿಲ್ಲ. ಚೀಲವೂ ಹೋದರೆ ಆಸೆಪಡುವುದಕ್ಕಾದರೂ ಏನು ಉಳಿದೀತು? ಮತ್ತೆ ಡಾಕ್ಟರಮ್ಮನ ಕೋಣೆಯತ್ತ ತಲೆ ಹಾಕಲಿಲ್ಲ. ಮೈಯ ರಕ್ತವೆಲ್ಲ ಬಸಿದುಹೋಗುವಂಥ ಮುಟ್ಟನ್ನು ಹಲ್ಲುಕಚ್ಚಿ ಸಹಿಸುತ್ತ, ಬೇರೆಯವರ ಗಾಡಿ ತಳ್ಳಿದರು.

ಹೋದ ತಿಂಗಳು ತಲೆಸುತ್ತಿ ಕುಸಿದಾಗ ತಮ್ಮ ಗಾಡಿಯ ಮೇಲೇ ಮಲಗಬೇಕಾಯಿತು. ಇಷ್ಟು ವರ್ಷ ಚಿಕಿತ್ಸೆಗೆ ಬಾರದ ಕಾರಣ ಕೇಳಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ನಾನು ಹೇಳಿದ್ದು ಗಡ್ಡೆ ಕಣಮ್ಮಾ! ಚೀಲ ಅಂದೆನಾ?"

ಆಮೇಲೆ ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದರು. ಕೊಯ್ಯದೆ, ಹೊರಗಿನಿಂದಲೇ ಶಬ್ದದ ಅಲೆ ಹಾಯಿಸಿ ಗಡ್ಡೆಯನ್ನು ಸುಡುವ ಯಂತ್ರವಿದೆ. ಹೊಲಿಗೆ ಇಲ್ಲ, ಬೇಗ ಕೆಲಸಕ್ಕೆ ಮರಳಬಹುದು. ಆದರೆ ಗಡ್ಡೆ ನಿಧಾನವಾಗಿ ಕುಗ್ಗುತ್ತದೆಯೇ ಹೊರತು ಪೂರ್ತಿ ಹೋಗದು, ಮತ್ತೆ ಚಿಕಿತ್ಸೆ ಬೇಕಾಗಬಹುದು. ಮುಂದೆ ಬಸಿರಾಗುವವರಿಗೆ ಇದು ಎಷ್ಟು ಸುರಕ್ಷಿತವೆಂದು ಇನ್ನೂ ಪೂರ್ತಿ ತಿಳಿದಿಲ್ಲ. ಹೊಟ್ಟೆ ಕೊಯ್ದು ಗಡ್ಡೆಗಳನ್ನಷ್ಟೇ ತೆಗೆದರೆ ನೋವುಂಟು, ವಾರಗಟ್ಟಲೆ ವಿಶ್ರಾಂತಿ ಬೇಕು, ಹೊಸ ಗಡ್ಡೆ ಬೆಳೆಯದೆಂಬ ಭರವಸೆಯೂ ಇಲ್ಲ. ಆದರೂ ಚೀಲ ಉಳಿಯುತ್ತದೆ. ಚೀಲವನ್ನೇ ತೆಗೆದರೆ ಗಡ್ಡೆಯ ಕಾಟ ಮುಗಿಯಿತು, ಮಗುವಿನ ಆಸೆಯೂ ಮುಗಿಯಿತು.

"ಮೆಷಿನ್ನೇ ಸಾಕು ಅಂದ್ರು ನಮ್ಮನೆಯವರು. ದಿನವಿಡೀ ಕತ್ತರಿ ಆಡಿಸೋ ಮನುಷ್ಯ, ನನ್ನ ಹೊಟ್ಟೆ ಕೊಯ್ತಾರೆ ಅಂದ ಕೂಡ್ಲೇ ಬೆವೆತುಹೋದ್ರು" ಎನ್ನುತ್ತಾರೆ. "ಆದ್ರೆ ನನ್ನ ಗಡ್ಡೆಗಳು ದೊಡ್ಡವಂತೆ. ಮಗು ಬೇಕಂದ್ರೆ ನಿನಗೆ ಆಪರೇಷನ್ನೇ ಮೇಲು ಅಂದ್ರು ಡಾಕ್ಟರಮ್ಮ. ಕೊಯ್ಯಲಿ ಬಿಡಿ."

ಈಗ ಗಡ್ಡೆಯ ಆಪರೇಷನ್‌ಗೆಂದು ಗಾಡಿ ಹತ್ತುವ ಪ್ರತಿಯೊಬ್ಬರನ್ನೂ ಅವರು ಕೇಳುವುದು ಒಂದೇ ಮಾತು: "ತೆಗೆಯೋದು ಗಡ್ಡೆನೋ, ಚೀಲಾನೋ? ಕೇಳಿ ತಿಳ್ಕೊಂಡಿದೀಯಾ ತಾಯಿ?" ಎದುರಿನವರು ತಬ್ಬಿಬ್ಬಾದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಡಾಕ್ಟರಮ್ಮನೂ ಗೊಣಗದೆ ಬಂದು ಇನ್ನೊಮ್ಮೆ ಹೇಳಿ ಹೋಗುತ್ತಾರೆ.

ಹಜಾರದ ಕೊನೆಗೆ ಹೆರಿಗೆ ವಾರ್ಡಿನ ಬಾಗಿಲು. ಅಲ್ಲಿಂದ ಬಾಣಂತಿಯರನ್ನು ಕರೆತರುವಾಗ ಗಾಡಿ ಅಕ್ಕನ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಬಟ್ಟೆಯೊಳಗಿನ ಪುಟ್ಟ ಮುಖವನ್ನು ಎಷ್ಟು ನೋಡಿದರೂ ಅವರಿಗೆ ಸಾಲದು. ಮುಂದಿನ ವಾರ ಅವರದೇ ಆಪರೇಷನ್.

"ಆಮೇಲೂ ಆಗುತ್ತೋ ಬಿಡುತ್ತೋ, ಯಾರಿಗೆ ಗೊತ್ತು. ಆದ್ರೂ ಒಂದೇ ಒಂದು ಸಲ ಆ ಬಾಗಿಲಿಂದ ಗಾಡಿ ಮೇಲೆ ಮಲಗಿ ಬರಬೇಕು. ತಳ್ಳೋರು ಯಾರಾದ್ರೂ ಸರಿ, ಚಕ್ರಕ್ಕೆ ಎಣ್ಣೆ ಮಾತ್ರ ಹಾಕಿರಬೇಕು" ಎನ್ನುತ್ತ ಡಬ್ಬಿಯ ಮುಚ್ಚಳ ತಿರುಗಿಸುತ್ತಾರೆ. "ಮಗೂಗೆ ಎಚ್ಚರ ಆಗ್ಬಾರ್ದಲ್ಲ."