ಸಾಲಿನಲ್ಲಿ ವರ್ಲಿನ್‌ಗೆ ಕೊಡದ ಜಾಗ

ವರ್ಲಿನ್ ಕೊಪೆಕಿಯನ್ನು ನಾನು ಇಪ್ಪತ್ತೆರಡು ವರ್ಷ ‘ಬನ್ ಸಿಪಾಯಿ’ ಎಂದು ಕರೆದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಅಲ್ಲಿಂದಲೇ ಶುರು ಮಾಡಬೇಕು.

ವಿಯೆಟ್ನಾಂ ಯುದ್ಧದಲ್ಲಿ ಅವನು ನಮ್ಮ ಅಮೆರಿಕದ ಸೈನ್ಯದ ಬೇಕರಿಯಲ್ಲಿದ್ದವನು. ದಿನಕ್ಕೆ ಮೂರು ಸಾವಿರ ಬ್ರೆಡ್ಡು, ತಗಡಿನ ಸೂರಿನಡಿ ಒಲೆಯ ಧಗೆ, ಮೊಣಕೈವರೆಗೂ ಸುಟ್ಟ ಕಲೆ. ಹಿಟ್ಟಿನಲ್ಲಿ ಹುಳ ಬಿದ್ದಾಗ ಆರಿಸಲು ಪುರುಸೊತ್ತಿಲ್ಲದೆ ಹಾಗೇ ನಾದಿ, ಮೇಲೆ ಗಸಗಸೆ ಉದುರಿಸಿ, ‘ಇದು ನಮ್ಮ ನೆಬ್ರಾಸ್ಕದ ಕಡೆಯ ಬಗೆ’ ಎಂದು ಅಧಿಕಾರಿಗಳಿಗೆ ತಿನ್ನಿಸಿದ್ದನಂತೆ. ಆ ಕಥೆಯನ್ನು ಅವನೇ ನಗುತ್ತ ಹೇಳುತ್ತಿದ್ದ.

ಶುಕ್ರವಾರ ಸಂಜೆ ನಮ್ಮೂರ ಯೋಧರ ಸಂಘದ ಹಾಲ್‌ನಲ್ಲಿ ಮೀನು ಕರಿಯುತ್ತೇವೆ. ವರ್ಲಿನ್ ಬಾಣಲೆಯ ಮುಂದೆ, ನಾನು ಮೇಜಿನ ಹತ್ತಿರ ಯಜಮಾನನ ಹಾಗೆ.

“ಏನೋ ಬನ್ ಸಿಪಾಯಿ, ವೈರಿಗಳ ಮೇಲೆ ಎಷ್ಟು ಬನ್ ಎಸೆದೆ?” ಎನ್ನುತ್ತಿದ್ದೆ.

“ನೆನಪಿಲ್ಲ ಕಣೋ ರಾಯ್ಸ್. ತಿಂದೋರು ಯಾರೂ ದೂರು ಕೊಟ್ಟಿಲ್ಲ,” ಎನ್ನುತ್ತಿದ್ದ.

ಯಾರಾದರೂ ನನ್ನ ಯುದ್ಧದ ಬಗ್ಗೆ ಕೇಳಿದರೆ ನಾನು ಬಿಯರ್ ಗ್ಲಾಸನ್ನೇ ನೋಡುತ್ತ, “ಅದೆಲ್ಲ ಈಗ ಯಾಕೆ ಬಿಡ್ರೋ,” ಎಂದು ಸುಮ್ಮನಾಗುತ್ತಿದ್ದೆ. ಪಾಪ, ಏನೇನು ಕಂಡಿದ್ದಾನೋ ಎಂದು ಜನ ಮರುಗುತ್ತಿದ್ದರು. ಹಾಗಲ್ಲ ಎಂದು ನಾನು ಒಂದು ದಿನವೂ ಹೇಳಲಿಲ್ಲ.

ಹಳೆಯ ಯೋಧ ತೀರಿಕೊಂಡರೆ ಸಮಾಧಿಯ ಬಳಿ ಏಳು ಮಂದಿ ಸಾಲಾಗಿ ನಿಂತು ಮೂರು ಸಲ ಬಂದೂಕು ಹಾರಿಸಬೇಕು. ಆ ಸಾಲಿಗೆ ನಾನೇ ನಾಯಕ. ಯುದ್ಧದಲ್ಲಿ ಗುಂಡು ಹಾರಿಸಿದವರಿಗೆ ಮಾತ್ರ ಬಂದೂಕು ಎಂಬ ನಿಯಮವೂ ನನ್ನದೇ. ಮಂಡಿ ಸವೆದು, ಕಣ್ಣು ಮಂಜಾಗಿ, ಏಳು ಜನ ಐವರಾದರೂ ನಾನು ಅದನ್ನು ಸಡಿಲಿಸಲಿಲ್ಲ. ವರ್ಲಿನ್‌ಗೆ ಕೊಟ್ಟಿದ್ದ ಕೆಲಸ ಬೇರೆ: ಹುಲ್ಲಿನಲ್ಲಿ ಬಿದ್ದ ಖಾಲಿ ತೋಟಾಗಳನ್ನು ಹೆಕ್ಕಿ, ಅವುಗಳಲ್ಲಿ ಮೂರನ್ನು ಒರೆಸಿ ಸತ್ತವರ ಮನೆಯವರ ಕೈಗೆ ಕೊಡುವುದು.

ಕಳೆದ ಏಪ್ರಿಲ್‌ನಲ್ಲಿ ಅವನ ತಮ್ಮ ಲೂಮಿರ್ ತೀರಿಕೊಂಡ. ನೌಕಾಪಡೆಯಲ್ಲಿದ್ದವನು. ಮಣ್ಣಿನ ಹಿಂದಿನ ದಿನ ವರ್ಲಿನ್ ಹಾಲ್‌ಗೆ ಬಂದು, ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನನ್ನೆದುರು ನಿಂತ.

“ರಾಯ್ಸ್, ನಾಳೆ ಒಂದಿನ ನಂಗೂ ಒಂದು ಬಂದೂಕು ಕೊಡ್ತೀಯಾ? ನನ್ನ ತಮ್ಮ ಕಣೋ.”

“ನಿಯಮ ಅಂದ್ರೆ ನಿಯಮ ಕಣಪ್ಪ. ಇವತ್ತು ನಿಂಗೆ ಕೊಟ್ರೆ ನಾಳೆ ಸೈನ್ಯದಲ್ಲಿ ಆಲೂಗಡ್ಡೆ ಸುಲಿದೋನೂ ಬಂದು ಕೇಳ್ತಾನೆ.”

ಒಂದಿಬ್ಬರು ನಕ್ಕರು. ವರ್ಲಿನ್ ತಲೆಯಾಡಿಸಿ ಹೊರಟುಹೋದ. ಮರುದಿನ ನಾನು ಆಜ್ಞೆ ಕೊಟ್ಟೆ, ನನ್ನದೂ ಸೇರಿ ಐದು ಬಂದೂಕು ಹಾರಿದವು. ಅವನು ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ ತೋಟಾಗಳನ್ನು ಹುಡುಕಿ, ಕರ್ಚೀಫಿನಲ್ಲಿ ಒರೆಸಿ ತಮ್ಮನ ಹೆಂಡತಿಗೆ ಕೊಟ್ಟ. ಏಳಲು ಆಗದೆ ಪಕ್ಕದ ಸಮಾಧಿಯ ಕಲ್ಲು ಹಿಡಿದುಕೊಂಡ.

ಜೂನ್‌ನಲ್ಲಿ ನನ್ನ ಹೆಂಡತಿ ಆರ್ಡಿತ್ ಹಟ ಹಿಡಿದಳು. “ನಿಮ್ಮ ಟಿವಿ ಕಿರುಚಾಟ ನಂಗೆ ಸಾಕಾಗಿದೆ. ಹೋಗಿ ಸರ್ಕಾರದಿಂದ ಕಿವಿ ಮಿಷನ್ ತಗೊಳ್ಳಿ,” ಎಂದಳು. ಅದಕ್ಕೆ ಅರ್ಜಿ ಬರೆದುಕೊಡುವವನು ವರ್ಲಿನ್. ಊರಿನ ಎಲ್ಲ ಹಳೆಯ ಯೋಧರ ಕಾಗದಪತ್ರವನ್ನೂ ಅವನೇ ಪುಕ್ಕಟೆ ನೋಡಿಕೊಳ್ಳುತ್ತಾನೆ. ಸೈನ್ಯ ಬಿಡುವಾಗ ಕೊಟ್ಟ ಕಾಗದವನ್ನು ಅರ್ಜಿಯ ಜೊತೆ ಇಡಲೇಬೇಕು. ಕಿವಿ ಮಿಷನ್ ಬೇಡವೆಂದು ಮೂರು ವರ್ಷ ನಾನು ತಪ್ಪಿಸಿಕೊಂಡಿದ್ದು ಅದಕ್ಕೇ. ಬೋರಲಾಗಿ ಮೇಜಿನ ಮೇಲಿಟ್ಟೆ. ಅವನು ತಿರುಗಿಸಿ ಓದಿದ. ಹುದ್ದೆ: ಬೆರಳಚ್ಚುಗಾರ. ಸ್ಥಳ: ಸೈಗಾನ್‌ನ ಕಚೇರಿ.

“ಹತ್ರದಲ್ಲಿ ಜನರೇಟರ್ ಇತ್ತಾ?” ಎಂದ.

“ಹೂಂ. ಗೋಡೆ ಆಚೆಗೇ.”

“ಸರಿ, ಕಿವಿ ಕೆಟ್ಟಿದ್ದು ಅದ್ರಿಂದ್ಲೇ ಅಂತ ಬರೀತೀನಿ.”

ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿಂಗೆ ಗೊತ್ತಿತ್ತಾ?” ಎಂದೆ.

“ನೀನು ಸಂಘಕ್ಕೆ ಸೇರುವಾಗ ಇದರದೊಂದು ಪ್ರತಿ ಕೊಟ್ಟಿದ್ದೆ, ಮರೆತ್ಯಾ? ನನ್ನ ಡ್ರಾಯರ್‌ನಲ್ಲೇ ಇದೆಯಲ್ಲೋ. ಮೊದಲಿಂದ್ಲೂ ಗೊತ್ತು.”

“ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳ್ಲಿಲ್ಲ?”

“ತಮ್ಮನ ಹೆಣ ಇಟ್ಕೊಂಡು ನಿನ್ನ ಮಾನ ಕಳೀತಾ ಕೂರ್ಲಾ?” ಎಂದು ಅರ್ಜಿಯತ್ತ ಬಗ್ಗಿದ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆನೇನೋ. ನೀಚ ನಾನು.

ಆ ಶುಕ್ರವಾರ ಮೀನಿನ ತಟ್ಟೆಗಳು ಬರುವ ಮೊದಲೇ ಎದ್ದು ನಿಂತು ಎಲ್ಲರಿಗೂ ಹೇಳಿಬಿಟ್ಟೆ. ನಾನು ಯುದ್ಧದಲ್ಲಿ ಟೈಪ್ ಮಾಡಿದೆ, ಒಂದು ಗುಂಡೂ ಹಾರಿಸಿಲ್ಲ ಎಂದೆ. ಆಮೇಲೆ ಬಾಣಲೆಯ ಬಳಿ ಹೋದೆ.

“ಇನ್ಮೇಲೆ ನೀನೂ ಸಾಲಲ್ಲಿ ನಿಲ್ಲು ವರ್ಲಿನ್. ನನ್ನ ಬಂದೂಕು ನಿಂಗೇ.”

ಅವನು ಮೀನು ಮಗುಚಿ ಹಾಕಿದ. ದನಿಯಲ್ಲಿ ಸಿಟ್ಟಿರಲಿಲ್ಲ.

“ಬೇಡ ಕಣೋ. ನಂಗದು ಬೇಕಾಗಿದ್ದಿದ್ದು ಅವತ್ತೊಂದಿನ.”